ಜೂಮ್ ಲೆನ್ಸ್ ಆರಿಸುವ ಕ್ರಮ: ಬೆಳಕು, ಭಾರ ಮತ್ತು ಸೆನ್ಸರ್ ಅಳತೆಯ ಲೆಕ್ಕ

ಯಕ್ಷಗಾನ ಮೇಳಗಳ ತಿರುಗಾಟ ಆರಂಭವಾದ ದಿನದಿಂದ ಅದು ಮುಗಿಯುವ ಪತ್ತನಾಜೆಯವರೆಗೆ ಉಡುಪಿ, ಮಂಗಳೂರಿನ ಹವ್ಯಾಸಿ ಛಾಯಾಗ್ರಾಹಕರು ನನ್ನೆದುರು ಇಡುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಸಾಲ ಮಾಡಿ, ಹೆಚ್ಚು ಬೆಳಕು ಒಳಬಿಡುವ ಎಫ್/2.8 ಜೂಮ್ ಕೊಂಡರೂ ಪುಂಡುವೇಷದ ದಿಗಿಣ (ಸುತ್ತಿ ಹಾರುವ ಕುಣಿತ) ಅಲುಗಿಯೇ ಬರುತ್ತಿದೆ ಎನ್ನುವವರು ಕೆಲವರು. ಹಗುರವಾಗಲಿ ಎಂದು ಚಿಕ್ಕ ಸೆನ್ಸರಿನ (ಬೆಳಕು ಹಿಡಿಯುವ ಫಲಕದ) ಕ್ಯಾಮೆರಾಕ್ಕೆ ಬದಲಾಯಿಸಿಕೊಂಡು, ಅದಕ್ಕೆ ಹಾಕಿದ ಲೆನ್ಸೇ ಒಂದು ಕಿಲೋ ತೂಗುವುದನ್ನು ಕಂಡು ಪೆಚ್ಚಾದವರು ಇನ್ನು ಕೆಲವರು. ಎರಡು ಕಿಲೋ ಲೆನ್ಸನ್ನು ಮೂರು ಸಲ ಹೊತ್ತು, ನಾಲ್ಕನೆಯ ಸಲ ಕಪಾಟಿನಲ್ಲೇ ಬಿಟ್ಟು ಹೋದವರೂ ಇದ್ದಾರೆ.

ಈ ಎಲ್ಲ ತೊಂದರೆಗಳ ಮೂಲ ಕ್ರಮ ತಪ್ಪಿದ್ದರಲ್ಲಿದೆ. ಮೊದಲು ಕ್ಯಾಮೆರಾ, ಆಮೇಲೆ ಲೆನ್ಸ್, ಕೊನೆಗೆ ಯಾವ ಚಿತ್ರ ತೆಗೆಯಬೇಕೆಂಬ ಯೋಚನೆ ಎಂಬ ದಾರಿಯಲ್ಲಿ ಹೋದರೆ ಹಣವೂ ಹೋಗುತ್ತದೆ, ಚಿತ್ರವೂ ಸಿಗುವುದಿಲ್ಲ. ಕೆಳಗಿನ ಹಂತಗಳು ಅದಕ್ಕೆ ತಿರುಗುಮುರುಗಾಗಿವೆ. ಒಂದನ್ನು ಮುಗಿಸದೆ ಮುಂದಿನದಕ್ಕೆ ಹೋಗಬೇಡಿ, ಏಕೆಂದರೆ ಪ್ರತಿ ಹಂತದಲ್ಲಿ ಸಿಗುವ ಅಂಕಿಯೇ ಮುಂದಿನ ಹಂತದ ಲೆಕ್ಕಕ್ಕೆ ಬೇಕು.

ಬೇಕಾಗುವ ಸಾಮಗ್ರಿ

ಈಗಾಗಲೇ ಇರುವ ಕ್ಯಾಮೆರಾ ಅಥವಾ ಪ್ರೊ ಮೋಡ್ ಇರುವ ಮೊಬೈಲ್, ಒಂದು ನೋಟ್‌ಬುಕ್, ಕ್ಯಾಲ್ಕುಲೇಟರ್, ನೀರಿನ ದೊಡ್ಡ ಬಾಟಲಿ, ಸಣ್ಣದಾದರೂ ಪ್ರಖರವಾದ ಟಾರ್ಚ್. ದೂರವನ್ನು ಹೆಜ್ಜೆಯಲ್ಲಿ ಅಳೆದರೆ ಸಾಕು. ಆದರೆ ನಿಮ್ಮ ಒಂದು ಹೆಜ್ಜೆ ಎಷ್ಟು ಸೆಂಟಿಮೀಟರ್ ಎಂಬುದನ್ನು ಮನೆಯಂಗಳದಲ್ಲಿ ಟೇಪ್ ಹಿಡಿದು ಒಮ್ಮೆ ನೋಡಿಕೊಳ್ಳಿ.

ಹಂತ 1: ಹಳೆಯ ಚಿತ್ರಗಳ ಲೆಕ್ಕ ತೆಗೆಯಿರಿ

ಕಳೆದ ಒಂದು ವರ್ಷದಲ್ಲಿ ನೀವು ಉಳಿಸಿಕೊಂಡ ಚಿತ್ರಗಳಲ್ಲಿ ಇನ್ನೂರನ್ನು ಆರಿಸಿ, ಪ್ರತಿಯೊಂದರ ವಿವರದಲ್ಲಿ ದಾಖಲಾಗಿರುವ ಫೋಕಲ್ ಲೆಂತ್ (ಮಿ.ಮೀ. ಅಂಕಿ, ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಅಪರ್ಚರ್ (ಬೆಳಕಿನ ಕಂಡಿ, ಎಫ್ ಸಂಖ್ಯೆ ಕಡಿಮೆಯಾದಷ್ಟೂ ದೊಡ್ಡದು) ಮತ್ತು ಶಟರ್ ವೇಗವನ್ನು (ಸೆನ್ಸರಿಗೆ ಬೆಳಕು ಬೀಳುವ ಅವಧಿ) ಬರೆದುಕೊಳ್ಳಿ. ಚೆನ್ನಾಗಿ ಬಂದವು ಎಷ್ಟು, ಅಲುಗಿ ಕೆಟ್ಟವು ಎಷ್ಟು, ದೂರ ಸಾಲದೆ ಕತ್ತರಿಸಬೇಕಾಗಿ ಬಂದವು ಎಷ್ಟು ಎಂದು ವಿಂಗಡಿಸಿ.

ಈ ಕೆಲಸ ಬೇಸರದ್ದು ಎಂದು ಬಿಡುವವರೇ ಹೆಚ್ಚು. ಆದರೂ ಇದನ್ನು ಮಾಡಿದವರಿಗೆ ತಮ್ಮ ಅಗತ್ಯ ತಾವು ಅಂದುಕೊಂಡದ್ದಲ್ಲ ಎಂಬುದು ತಿಳಿಯುತ್ತದೆ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ಉಡುಪಿಯ ರಥಬೀದಿಯಲ್ಲಿ ಹುಲಿವೇಷದ ಚಿತ್ರಗಳನ್ನು ತೆಗೆಯಲು ನಾನು ಹಲವು ವರ್ಷ 70-200 ಲೆನ್ಸನ್ನೇ ಒಯ್ಯುತ್ತಿದ್ದೆ. ಲೆಕ್ಕ ತೆಗೆದಾಗ ಉಳಿಸಿಕೊಂಡ ಚಿತ್ರಗಳಲ್ಲಿ ಬಹುಪಾಲು 70 ಮಿ.ಮೀ. ತುದಿಯಲ್ಲೇ ತೆಗೆದವಾಗಿದ್ದವು. ಆ ಜನಸಂದಣಿಯಲ್ಲಿ ವೇಷಧಾರಿ ನಮ್ಮಿಂದ ಮೂರು ನಾಲ್ಕು ಮೀಟರಿಗಿಂತ ದೂರ ಇರುವುದೇ ಇಲ್ಲ, ಹಿಂದೆ ಸರಿಯಲು ಜಾಗವೂ ಇರುವುದಿಲ್ಲ. ಅಲ್ಲಿ ಬೇಕಾಗಿದ್ದುದು ದೊಡ್ಡ ಸೆನ್ಸರಿನ ಫುಲ್ ಫ್ರೇಮಿನಲ್ಲಿ 28-75 ಅಥವಾ ಅದಕ್ಕಿಂತ ಚಿಕ್ಕ ಎಪಿಎಸ್-ಸಿಯಲ್ಲಿ 17-70 ವ್ಯಾಪ್ತಿಯ ಲೆನ್ಸ್.

ಹಂತ 2: ದೂರದಿಂದ ಫೋಕಲ್ ಲೆಂತ್ ಕಂಡುಹಿಡಿಯಿರಿ

ಸೆನ್ಸರಿನ ಎತ್ತರವನ್ನು ದೂರದಿಂದ ಗುಣಿಸಿ, ಚೌಕಟ್ಟಿನೊಳಗೆ ಹಿಡಿಯಬೇಕಾದ ದೃಶ್ಯದ ಎತ್ತರದಿಂದ ಭಾಗಿಸಿದರೆ ಬೇಕಾದ ಫೋಕಲ್ ಲೆಂತ್ ಸಿಗುತ್ತದೆ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ಎಪಿಎಸ್-ಸಿ ಸುಮಾರು 23.5×15.6 ಮಿ.ಮೀ. (ಕ್ಯಾನನ್‌ನದು ತುಸು ಚಿಕ್ಕದು), ಮೈಕ್ರೋ ಫೋರ್ ಥರ್ಡ್ಸ್ 17.3×13 ಮಿ.ಮೀ., ಒಂದು ಇಂಚಿನದೆಂದು ಕರೆಯುವ ಸೆನ್ಸರ್ 13.2×8.8 ಮಿ.ಮೀ.

ಬಯಲಾಟದಲ್ಲಿ ರಂಗಸ್ಥಳದಿಂದ ಹತ್ತು ಮೀಟರ್ ದೂರದಲ್ಲಿ ಕುಳಿತಿದ್ದೀರಿ ಎಂದುಕೊಳ್ಳಿ. ಕಿರೀಟ ವೇಷ ಕಾಲಿನಿಂದ ಕಿರೀಟದ ತುದಿಯವರೆಗೆ ಸ್ವಲ್ಪ ಜಾಗ ಬಿಟ್ಟು ಬರಬೇಕಾದರೆ ಚೌಕಟ್ಟಿನ ಎತ್ತರ ಮೂರು ಮೀಟರ್ ಇರಬೇಕು. 24×10÷3, ಅಂದರೆ ಫುಲ್ ಫ್ರೇಮಿನಲ್ಲಿ 80 ಮಿ.ಮೀ. ಮುಖ ಮತ್ತು ಕಿರೀಟ ಮಾತ್ರ ಸಾಕೆಂದರೆ 1.2 ಮೀಟರ್, 24×10÷1.2, ಅಂದರೆ 200 ಮಿ.ಮೀ. ಹತ್ತು ಮೀಟರಿನಲ್ಲಿ ಕುಳಿತವರಿಗೆ 70-200 ಅಳತೆ ಕೊಟ್ಟು ಹೊಲಿಸಿದಂತೆ ಹೊಂದುತ್ತದೆ. ಅದೇ ಮುಖದ ಚಿತ್ರಕ್ಕೆ ಎಪಿಎಸ್-ಸಿಯಲ್ಲಿ 130 ಮಿ.ಮೀ., ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 108 ಮಿ.ಮೀ. ಸಾಕು. ಹದಿನೈದು ಮೀಟರಿಗೆ ಸರಿದರೆ ಫುಲ್ ಫ್ರೇಮಿಗೆ 300 ಮಿ.ಮೀ. ಬೇಕಾಗುತ್ತದೆ. ಹೀಗಾಗಿ ಲೆನ್ಸಿಗೆ ಹಣ ಸುರಿಯುವ ಮೊದಲು ಅರ್ಧ ಗಂಟೆ ಬೇಗ ಹೋಗಿ ಮುಂದಿನ ಜಾಗ ಹಿಡಿಯುವುದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ.

ಚಿಕ್ಕ ತುದಿಯನ್ನು ಮರೆಯುವುದು ಸಾಮಾನ್ಯ ತಪ್ಪು. ಕಂಬಳದಲ್ಲಿ ಕನೆಹಲಗೆ (ಓಟಗಾರ ಹಲಗೆಯ ಮೇಲೆ ನಿಂತು ನೀರು ಚಿಮ್ಮಿಸುವ) ವಿಭಾಗಕ್ಕೆ ಹೋದವರು ಇದನ್ನು ನೆನಪಿಡಬೇಕು. ಅಲ್ಲಿ ನೀರು ಮೇಲೆ ಕಟ್ಟಿದ ಬಟ್ಟೆಯ ನಿಶಾನೆಗೆ ತಾಗಿತೇ ಎಂಬುದೇ ಚಿತ್ರದ ಜೀವ. ಕೋಣ, ಓಟಗಾರ, ನೀರಿನ ಚಿಲುಮೆ, ನಿಶಾನೆ ನಾಲ್ಕೂ ಒಂದೇ ಚೌಕಟ್ಟಿನಲ್ಲಿ ಬರಬೇಕು. 100-400 ಹಿಡಿದು ಕರೆಯ (ಓಟದ ಗದ್ದೆಯ) ಪಕ್ಕದಲ್ಲಿ ನಿಂತವರಿಗೆ ಕೋಣದ ಮೂತಿ ಮಾತ್ರ ಸಿಗುತ್ತದೆ.

ಹಂತ 3: ಕನಿಷ್ಠ ಶಟರ್ ವೇಗ ಗೊತ್ತುಮಾಡಿ

ಲೆನ್ಸಿನ ಅಪರ್ಚರ್ ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದು ಶಟರ್ ವೇಗವೇ. ಅರ್ಥಗಾರಿಕೆ (ಮಾತಿನ ಭಾಗ) ನಡೆಯುತ್ತಿರುವಾಗ 1/125 ಸೆಕೆಂಡ್ ಸಾಕು. ದಿಗಿಣ ಹೊಡೆಯುವಾಗ 1/500ಕ್ಕಿಂತ ಕೆಳಗೆ ಇಳಿದರೆ ಕೈಬೆರಳುಗಳೂ ಗೆಜ್ಜೆಯೂ ಮಸುಕಾಗುತ್ತವೆ.

ಕಂಬಳದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಅಂದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. 1/1000 ಸೆಕೆಂಡಿನಲ್ಲಿ ಆ ಓಟ ಒಂದು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಆರು ಮೀಟರ್ ಅಗಲದ ದೃಶ್ಯವನ್ನು 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಹಿಡಿದರೆ ಒಂದು ಪಿಕ್ಸೆಲ್ ಎಂದರೆ ಒಂದು ಮಿಲಿಮೀಟರ್, ಆದ್ದರಿಂದ ಪಕ್ಕದಿಂದ ಕ್ಯಾಮೆರಾ ಅಲುಗಿಸದೆ ತೆಗೆದರೆ ಹತ್ತು ಪಿಕ್ಸೆಲಿನಷ್ಟು ಮಸುಕು ಖಂಡಿತ. 1/2000ಕ್ಕೆ ಹೋದರೆ ಅದು ಅರ್ಧವಾಗುತ್ತದೆ. ಓಟ ಮುಗಿಯುವ ಮಂಜೊಟ್ಟಿಯ ಕಡೆಯಿಂದ ಎದುರಾಗಿ ತೆಗೆದರೆ ಅಡ್ಡ ಚಲನೆ ಕಡಿಮೆಯಾಗುವುದರಿಂದ 1/1000 ಸಾಕಾಗುತ್ತದೆ. ನಿಲ್ಲುವ ಜಾಗ ಬದಲಿಸಿದ ಮಾತ್ರಕ್ಕೆ ಒಂದು ಸ್ಟಾಪ್ (ಬೆಳಕು ಎರಡು ಪಟ್ಟು ಅಥವಾ ಅರ್ಧ ಆಗುವ ಅಳತೆ) ಬೆಳಕು ಉಳಿಯಿತು.

ಎಚ್ಚರಿಕೆ: ಲೆನ್ಸಿನಲ್ಲಿ ಅಥವಾ ಕ್ಯಾಮೆರಾದಲ್ಲಿ ಇರುವ ಸ್ಟೆಬಿಲೈಸೇಶನ್ ನಿಮ್ಮ ಕೈಯ ನಡುಕವನ್ನು ಮಾತ್ರ ತಡೆಯುತ್ತದೆ. ಹಿನ್ನೆಲೆಯ ಪರದೆ ಸ್ಪಷ್ಟವಾಗಿದ್ದು ವೇಷಧಾರಿಯಷ್ಟೇ ಅಲುಗಿ ಬಂದಿದ್ದರೆ ದೋಷ ಶಟರ್ ವೇಗದ್ದು. ಅದಕ್ಕೆ ಹೊಸ ಸ್ಟೆಬಿಲೈಸೇಶನ್ ಇರುವ ಲೆನ್ಸ್ ಕೊಳ್ಳುವುದು ತಲೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದಂತೆ.

ಹಂತ 4: ಸ್ಥಳದ ಬೆಳಕನ್ನು ಮೊಬೈಲಿನಿಂದ ಅಳೆಯಿರಿ

ಆಟ ನಡೆಯುವ ಜಾಗಕ್ಕೆ ಒಂದು ರಾತ್ರಿ ಬರಿಗೈಯಲ್ಲಿ ಹೋಗಿ. ಮೊಬೈಲಿನ ನೈಟ್ ಮೋಡ್ ತೆಗೆದುಹಾಕಿ, ವೇಷಧಾರಿಯ ಮುಖದ ಮೇಲೆ ಬೆರಳಿಟ್ಟು ಒಂದು ಚಿತ್ರ ತೆಗೆದು, ಅದರ ವಿವರದಲ್ಲಿ ಅಪರ್ಚರ್, ಶಟರ್ ವೇಗ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಅಂಕಿ) ಬರೆದುಕೊಳ್ಳಿ. ಮೊಬೈಲಿನ ಸೆನ್ಸರ್ ಎಷ್ಟೇ ಚಿಕ್ಕದಿರಲಿ, ಈ ಮೂರು ಅಂಕಿಗಳು ಯಾವ ಕ್ಯಾಮೆರಾಕ್ಕೂ ಅನ್ವಯಿಸುತ್ತವೆ. ಚಿತ್ರದ ಹೊಳಪಿಗೆ ಸೆನ್ಸರಿನ ಅಳತೆ ಸಂಬಂಧಿಸಿದ್ದಲ್ಲ.

ಮೊಬೈಲ್ ಎಫ್/1.8, 1/100, ಐಎಸ್‌ಒ 400 ತೋರಿಸಿತು ಎಂದುಕೊಳ್ಳೋಣ. ದಿಗಿಣಕ್ಕೆ 1/500 ಬೇಕು, ಅಲ್ಲಿಗೆ ಎರಡೂಕಾಲು ಸ್ಟಾಪಿಗೆ ತುಸು ಹೆಚ್ಚು ಬೆಳಕು ಹೋಯಿತು. ಲೆನ್ಸ್ ಎಫ್/2.8 ಆದರೆ ಇನ್ನೂ ಒಂದೂಕಾಲು ಸ್ಟಾಪ್. ಒಟ್ಟು ಮೂರೂವರೆಗೆ ತುಸು ಮೇಲೆ. ಐಎಸ್‌ಒ ಸುಮಾರು 5,000ಕ್ಕೆ ಏರಬೇಕು. ಎಫ್/4 ಲೆನ್ಸಿನಲ್ಲಿ 10,000, ಎಫ್/6.3ರಲ್ಲಿ 25,000. ಅದೇ ರಂಗಸ್ಥಳದಲ್ಲಿ ಅರ್ಥಗಾರಿಕೆಗೆ 1/125 ಇಟ್ಟರೆ ಇವು ಕ್ರಮವಾಗಿ 1,250, 2,500 ಮತ್ತು 6,400ಕ್ಕೆ ಇಳಿಯುತ್ತವೆ. ಈ ಆರು ಅಂಕಿಗಳನ್ನು ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಬರೆದು ನೋಡಿದಾಗ ನಿಮಗೆ ಎಫ್/2.8 ನಿಜವಾಗಿ ಬೇಕೇ ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ.

ಈ ಹಂತದಲ್ಲಿ ತಪ್ಪು ಮಾಡಿ ಅನಗತ್ಯವಾಗಿ ದೊಡ್ಡ ಲೆನ್ಸ್ ಕೊಂಡವರು ಬಹಳ. ರಂಗಸ್ಥಳದ ಹಿಂದೆ ಕತ್ತಲು. ಇಡೀ ಚೌಕಟ್ಟಿನ ಸರಾಸರಿ ನೋಡುವ ಕ್ಯಾಮೆರಾ ಆ ಕತ್ತಲನ್ನೂ ಬೆಳಗಿಸಲು ಹೊರಡುತ್ತದೆ. ಶಟರ್ ನಿಧಾನವಾಗುತ್ತದೆ, ಕಿರೀಟದ ಬೇಗಡೆ ಮತ್ತು ಕನ್ನಡಿಯ ಚೂರುಗಳು ಬಿಳಿಯಾಗಿ ಕರಗಿ ಹೋಗುತ್ತವೆ, ಅರ್ದಲ ಹಚ್ಚಿದ ಮುಖದ ಹಳದಿ ಸುಣ್ಣದಂತೆ ಕಾಣುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ನನ್ನು ಒಂದು ಸ್ಟಾಪ್ ಇಳಿಸಿ ನೋಡಿ. ಬಣ್ಣ ಮರಳಿ ಬರುವುದಲ್ಲದೆ, 1/250 ಇದ್ದ ಶಟರ್ 1/500 ಆಗುತ್ತದೆ. ಎಫ್/4ರಿಂದ ಎಫ್/2.8ಕ್ಕೆ ಹೋಗಲು ತೆರಬೇಕಾದ ಹಣವನ್ನು ಈ ಒಂದು ಗುಂಡಿ ಉಳಿಸಬಲ್ಲದು.

ಎಲ್‌ಇಡಿ ಬೆಳಕಿನ ಮಿನುಗಾಟವನ್ನೂ ಆ ರಾತ್ರಿಯೇ ಪರೀಕ್ಷಿಸಿ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಚಿತ್ರದಲ್ಲಿ ಅಡ್ಡಪಟ್ಟಿಗಳು ಕಂಡರೆ ಅಥವಾ ಒಂದೇ ಸರಣಿಯ ಚಿತ್ರಗಳಲ್ಲಿ ಒಂದು ಬೆಳ್ಳಗೆ, ಒಂದು ಕಪ್ಪಗೆ ಬಂದರೆ ಅದು ಲೆನ್ಸಿನ ದೋಷವಲ್ಲ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಬಳಸಿ, ಆ್ಯಂಟಿ-ಫ್ಲಿಕರ್ ಇದ್ದರೆ ಹಾಕಿ. ಭೂತಕೋಲ ನಡೆಯುವಲ್ಲಿ ಮನೆಯ ಹಿರಿಯರ ಅನುಮತಿ ಇಲ್ಲದೆ ಕ್ಯಾಮೆರಾ ಎತ್ತಕೂಡದು, ಫ್ಲ್ಯಾಶ್ ಅಂತೂ ಎಲ್ಲಿಯೂ ಬೇಡ. ಫ್ಲ್ಯಾಶ್ ಬಿಟ್ಟ ಮೇಲೆ ಲೆನ್ಸಿನ ಬೆಳಕೇ ಗತಿ.

ಹಂತ 5: ಕಂಡಿಯ ವ್ಯಾಸ ಲೆಕ್ಕ ಹಾಕಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಓದುವುದಿದ್ದರೆ ಇದನ್ನು ಓದಿ. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಲೆನ್ಸಿನ ಎದುರಿನಿಂದ ಕಾಣುವ ಬೆಳಕಿನ ಕಂಡಿಯ ವ್ಯಾಸ ಸಿಗುತ್ತದೆ. 200 ಮಿ.ಮೀ. ಎಫ್/2.8ರಲ್ಲಿ ಅದು 71 ಮಿ.ಮೀ.; ಎಫ್/4ರಲ್ಲಿ 50 ಮಿ.ಮೀ. ಟೆಲಿ ಜೂಮಿನ ಮುಂಗಾಜು ಈ ಕಂಡಿಗಿಂತ ಚಿಕ್ಕದಿರಲು ಸಾಧ್ಯವೇ ಇಲ್ಲ. ವ್ಯಾಸ ಒಂದೂವರೆ ಪಟ್ಟು ಆದರೆ ಗಾಜಿನ ತೂಕ ಒಂದೂವರೆ ಪಟ್ಟಿಗೆ ನಿಲ್ಲುವುದಿಲ್ಲ, ಏಕೆಂದರೆ ಗಾಜು ಅಗಲದ ಜೊತೆಗೆ ದಪ್ಪವೂ ಆಗಬೇಕು. ನೀವು ಹೊರುವುದೂ, ಹಣ ಕೊಡುವುದೂ ಈ ಕಂಡಿಗೆ.

ಇದೇ ಕಂಡಿ ಇನ್ನೊಂದನ್ನೂ ನಿರ್ಧರಿಸುತ್ತದೆ. ಒಂದೇ ಜಾಗದಲ್ಲಿ ನಿಂತು, ಒಂದೇ ಚೌಕಟ್ಟನ್ನು, ಒಂದೇ ಶಟರ್ ವೇಗದಲ್ಲಿ ತೆಗೆದರೆ, ಆ ವೇಷಧಾರಿಯಿಂದ ಹೊರಟ ಬೆಳಕಿನಲ್ಲಿ ಚಿತ್ರಕ್ಕೆ ಸೇರುವ ಒಟ್ಟು ಪಾಲು ಕಂಡಿಯ ವಿಸ್ತೀರ್ಣಕ್ಕೆ ಅನುಗುಣವಾಗಿರುತ್ತದೆ, ಹಿಂದಿರುವ ಸೆನ್ಸರ್ ಯಾವುದೇ ಆಗಿರಲಿ. ಕತ್ತಲಲ್ಲಿ ಕಾಣುವ ರವೆಯಂತಹ ನೋಯ್ಸ್ ಮುಖ್ಯವಾಗಿ ಈ ಒಟ್ಟು ಬೆಳಕಿನ ಕೊರತೆಯಿಂದ ಹುಟ್ಟುವಂಥದ್ದು. ಹೊಳಪು ಎಫ್ ಸಂಖ್ಯೆಯ ಮಾತು, ನೋಯ್ಸ್ ಒಟ್ಟು ಬೆಳಕಿನ ಮಾತು. ಇವೆರಡನ್ನು ಕಲಸಿಕೊಂಡಾಗಲೇ "ಎಫ್/2.8 ಎಂದರೆ ಎಲ್ಲ ಕಡೆಯೂ ಎಫ್/2.8" ಎಂಬ ಅರ್ಧಸತ್ಯ ನಮ್ಮನ್ನು ದಾರಿ ತಪ್ಪಿಸುತ್ತದೆ.

ಹಂತ 6: ಈಗ ಸೆನ್ಸರ್ ಅಳತೆ ಆರಿಸಿ

ಮುಖದ ಚಿತ್ರಕ್ಕೆ ಹತ್ತಿರ ಹತ್ತಿರ ಒಂದೇ ಚೌಕಟ್ಟು ಕೊಡುವ ನಾಲ್ಕು ಲೆನ್ಸುಗಳನ್ನು ಪಕ್ಕಪಕ್ಕ ಇಡೋಣ. ಕ್ಯಾನನ್ ಆರ್‌ಎಫ್ 70-200 ಎಫ್/2.8 ಫುಲ್ ಫ್ರೇಮಿನದು, ಕಂಡಿ 71 ಮಿ.ಮೀ., ತೂಕ 1,070 ಗ್ರಾಂ. ಅದರ ಎಫ್/4 ರೂಪದ ಕಂಡಿ 50 ಮಿ.ಮೀ., ತೂಕ 695 ಗ್ರಾಂ. ಫ್ಯೂಜಿಫಿಲ್ಮ್‌ನ 50-140 ಎಫ್/2.8 ಎಪಿಎಸ್-ಸಿಯದು, 140ನ್ನು 2.8ರಿಂದ ಭಾಗಿಸಿದರೆ ಅದರ ಕಂಡಿಯೂ 50 ಮಿ.ಮೀ., ತೂಕ 995 ಗ್ರಾಂ. ಪ್ಯಾನಸೋನಿಕ್‌ನ 35-100 ಎಫ್/2.8 ಮೈಕ್ರೋ ಫೋರ್ ಥರ್ಡ್ಸ್‌ನದು, ಕಂಡಿ 36 ಮಿ.ಮೀ., ತೂಕ ಸುಮಾರು 360 ಗ್ರಾಂ.

ಎರಡನೆಯದನ್ನೂ ಮೂರನೆಯದನ್ನೂ ಮತ್ತೊಮ್ಮೆ ನೋಡಿ. ಫುಲ್ ಫ್ರೇಮಿನ ಎಫ್/4 ಮತ್ತು ಎಪಿಎಸ್-ಸಿಯ ಎಫ್/2.8 ಹೆಚ್ಚುಕಡಿಮೆ ಒಂದೇ ಚಿತ್ರವನ್ನು ಕೊಡುತ್ತವೆ. ಮೊದಲನೆಯದರಲ್ಲಿ ಐಎಸ್‌ಒ 10,000, ಎರಡನೆಯದರಲ್ಲಿ 5,000. ನೋಯ್ಸ್ ಹತ್ತಿರ ಹತ್ತಿರ ಸಮ, ಹಿನ್ನೆಲೆ ಮಸುಕಾಗುವ ಪ್ರಮಾಣವೂ ಸಮ. ಆದರೂ "ಚಿಕ್ಕ" ಸೆನ್ಸರಿನ ಲೆನ್ಸೇ 300 ಗ್ರಾಂ ಭಾರ. (ಫ್ಯೂಜಿಯ ಲೆನ್ಸ್ ಜೂಮ್ ಮಾಡಿದಾಗ ಉದ್ದವಾಗುವುದಿಲ್ಲ, ಕ್ಯಾನನ್‌ನದು ಆಗುತ್ತದೆ, ತೂಕದ ವ್ಯತ್ಯಾಸಕ್ಕೆ ಅದೂ ಒಂದು ಕಾರಣ. ಹತ್ತನೆಯ ಹಂತದಲ್ಲಿ ಇದರ ಇನ್ನೊಂದು ಮುಖ ಬರುತ್ತದೆ.) ಹಗುರವಾಗಲಿ ಎಂದು ಸೆನ್ಸರ್ ಚಿಕ್ಕದು ಮಾಡಿ, ಬೆಳಕು ಬೇಕೆಂದು ಎಫ್ ಸಂಖ್ಯೆ ಕಡಿಮೆ ಮಾಡಿದವರು ಹೊರಟ ಜಾಗಕ್ಕೇ ಬಂದು ನಿಲ್ಲುತ್ತಾರೆ.

ಅಳತೆಗಳನ್ನು ಹೋಲಿಸಲು ಫೋಕಲ್ ಲೆಂತ್ ಮತ್ತು ಎಫ್ ಸಂಖ್ಯೆ ಎರಡನ್ನೂ ಕ್ರಾಪ್ ಅಂಶದಿಂದ (ಫುಲ್ ಫ್ರೇಮ್ ಆ ಸೆನ್ಸರಿಗಿಂತ ಎಷ್ಟು ಪಟ್ಟು ದೊಡ್ಡದು ಎಂಬ ಅಂಕಿ) ಗುಣಿಸಿ. ಎಪಿಎಸ್-ಸಿಗೆ 1.5, ಕ್ಯಾನನ್‌ನದಕ್ಕೆ 1.6, ಮೈಕ್ರೋ ಫೋರ್ ಥರ್ಡ್ಸ್‌ಗೆ 2, ಒಂದಿಂಚಿಗೆ 2.7. ಜಾಹೀರಾತುಗಳು ಮೊದಲನೆಯದನ್ನು ಗುಣಿಸಿ ಎರಡನೆಯದನ್ನು ಹಾಗೆಯೇ ಬಿಡುತ್ತವೆ. ಪ್ಯಾನಸೋನಿಕ್‌ನ ಆ ಪುಟ್ಟ ಲೆನ್ಸ್ ಫುಲ್ ಫ್ರೇಮಿನ 70-200 ಎಫ್/5.6ಕ್ಕೆ ಸಮ. ಹಗಲಿನ ಮೆರವಣಿಗೆಗೆ ಅದಕ್ಕಿಂತ ಒಳ್ಳೆಯ ಸಂಗಾತಿ ಇಲ್ಲ. ನಸುಕಿನಲ್ಲಿ ಉಡುಪಿಯ ಜೋಡುಕಟ್ಟೆಯಿಂದ ಹೊರಡುವ ಪರ್ಯಾಯದ ಮೆರವಣಿಗೆಗೆ ಅದು ಸಾಲದು.

ಹಾಗಾದರೆ ಚಿಕ್ಕ ಸೆನ್ಸರ್ ಗೆಲ್ಲುವುದು ಎಲ್ಲಿ? ಬೆಳಕು ಧಾರಾಳವಾಗಿದ್ದು ದೂರ ಮಾತ್ರ ಹೆಚ್ಚಿರುವಲ್ಲಿ. ಮಲ್ಪೆ ಬಂದರಿನ ಮೇಲೆ ಸುತ್ತುವ ಗರುಡನ ರೆಕ್ಕೆಯಗಲ ಸುಮಾರು 1.2 ಮೀಟರ್. ನಲ್ವತ್ತು ಮೀಟರ್ ದೂರದಲ್ಲಿ ಅದು ಚೌಕಟ್ಟಿನ ಅರ್ಧ ಅಗಲ ತುಂಬಬೇಕಾದರೆ ಫುಲ್ ಫ್ರೇಮಿನಲ್ಲಿ 600 ಮಿ.ಮೀ., ಎಪಿಎಸ್-ಸಿಯಲ್ಲಿ 400 ಮಿ.ಮೀ.ಗೆ ತುಸು ಕಡಿಮೆ, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 300 ಮಿ.ಮೀ.ಗೆ ತುಸು ಕಡಿಮೆ ಬೇಕು. ಸೋನಿಯ 200-600 ಎಫ್/5.6-6.3 ಲೆನ್ಸಿನ ಕಂಡಿ 95 ಮಿ.ಮೀ., ತೂಕ ಎರಡು ಕಿಲೋ ದಾಟುತ್ತದೆ. ಪ್ಯಾನಸೋನಿಕ್‌ನ 100-400 ಒಂದು ಕಿಲೋದೊಳಗಿದೆ. ಏರಿದ ಬಿಸಿಲಿನಲ್ಲಿ ಎಫ್/6.3, 1/2000 ಇಟ್ಟರೂ ಐಎಸ್‌ಒ 400ರ ಆಚೀಚೆ ನಿಲ್ಲುವುದರಿಂದ ಚಿಕ್ಕ ಸೆನ್ಸರಿನ ನೋಯ್ಸ್ ತೊಂದರೆ ಕೊಡುವುದಿಲ್ಲ. ಅಲ್ಲಿ ದೊಡ್ಡ ಕಂಡಿಯನ್ನು ಹೊರುವುದು ವ್ಯರ್ಥ ಭಾರ.

ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗುವವರಿಗೆ ಸೋನಿಯ ಆರ್‌ಎಕ್ಸ್10-4ರಂತಹ ಒಂದಿಂಚಿನ ಕ್ಯಾಮೆರಾಗಳೂ ಯೋಗ್ಯ. 24-600ಕ್ಕೆ ಸಮನಾದ ಎಫ್/2.4-4 ಜೂಮ್ ಕ್ಯಾಮೆರಾದಲ್ಲೇ ಕೂಡಿಕೊಂಡಿದ್ದು, ಒಟ್ಟು ತೂಕ 1,095 ಗ್ರಾಂ. ಉಪ್ಪುಗಾಳಿಯಲ್ಲಿ ಲೆನ್ಸ್ ಬದಲಿಸಬೇಕಾಗಿಲ್ಲ ಎಂಬುದೇ ಅಲ್ಲಿ ದೊಡ್ಡ ಅನುಕೂಲ.

ಆಳದ ಸ್ಪಷ್ಟತೆಯನ್ನೂ ಇಲ್ಲೇ ತೂಗಿ. ಹತ್ತು ಮೀಟರಿನಲ್ಲಿ ಫುಲ್ ಫ್ರೇಮಿನ 200 ಮಿ.ಮೀ. ಎಫ್/2.8ರಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 42 ಸೆಂ.ಮೀ., ಎಫ್/4ರಲ್ಲಿ 60, ಎಫ್/5.6ರಲ್ಲಿ 84. ಎರಡು ವೇಷಗಳು ಒಂದು ಹೆಜ್ಜೆ ಹಿಂದೆ ಮುಂದೆ ನಿಂತು ವಾದಿಸುವಾಗ ಎಫ್/2.8ರಲ್ಲಿ ಒಬ್ಬರ ಕಣ್ಣು ಮಸುಕಾಗುತ್ತದೆ. ಅಲ್ಲಿ ನೀವು ಹೇಗೂ ಎಫ್/5.6ಕ್ಕೆ ಮುಚ್ಚಿಕೊಳ್ಳಬೇಕು, ಹೊತ್ತ ಗಾಜು ಕೆಲಸಕ್ಕೆ ಬರಲಿಲ್ಲ.

ಹಂತ 7: ಜೂಮಿನ ವ್ಯಾಪ್ತಿ ಮತ್ತು ಬದಲಾಗುವ ಅಪರ್ಚರ್

ವ್ಯಾಪ್ತಿ, ಬೆಳಕು, ಗಾತ್ರ ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. 2013ರಲ್ಲಿ ಬಂದ ಸಿಗ್ಮಾದ 18-35 ಎಫ್/1.8 ಎಪಿಎಸ್-ಸಿಗೆ ಅಪೂರ್ವವಾದ ಬೆಳಕು ಕೊಟ್ಟಿತು, ಆದರೆ ವ್ಯಾಪ್ತಿ ಎರಡು ಪಟ್ಟೂ ಇಲ್ಲ, ತೂಕ 810 ಗ್ರಾಂ. ಅದೇ ಸಂಸ್ಥೆಯ ಮಿರರ್‌ಲೆಸ್‌ನ 18-50 ಎಫ್/2.8 ಕೇವಲ 290 ಗ್ರಾಂ.

ಲೆನ್ಸಿನ ಮೇಲೆ ಎಫ್/3.5-5.6 ಎಂದಿದ್ದರೆ ಎರಡನೆಯ ಸಂಖ್ಯೆಯನ್ನೇ ನಿಜವೆಂದು ತೆಗೆದುಕೊಳ್ಳಿ, ಏಕೆಂದರೆ ದೂರದ ಚಿತ್ರಕ್ಕೆ ನೀವು ಇರುವುದು ಆ ತುದಿಯಲ್ಲೇ. ಮ್ಯಾನುವಲ್ ಮೋಡಿನಲ್ಲಿ ಜೂಮ್ ಮಾಡುತ್ತ ಹೋದಂತೆ ಚಿತ್ರ ಕಪ್ಪಾಗುವುದಕ್ಕೂ ಇದೇ ಕಾರಣ, ಐಎಸ್‌ಒ ಆಟೋದಲ್ಲಿಡಿ. ಎಫ್/6.3 ಲೆನ್ಸಿಗೆ ಫೋಕಲ್ ಲೆಂತ್ ಹೆಚ್ಚಿಸುವ 1.4 ಪಟ್ಟಿನ ಕನ್ವರ್ಟರ್ ಹಾಕಿದರೆ ಎಫ್/9 ಆಗುತ್ತದೆ, ಸಂಜೆಯ ಹೊತ್ತು ಫೋಕಸ್ ಹಿಂದೆ ಮುಂದೆ ತಡಕಾಡತೊಡಗುತ್ತದೆ.

ಹಂತ 8: ನೀರಿನ ಬಾಟಲಿಯಿಂದ ಭಾರ ಪರೀಕ್ಷಿಸಿ

ಕ್ಯಾಮೆರಾ ಮತ್ತು ಲೆನ್ಸಿನ ಒಟ್ಟು ತೂಕದಷ್ಟು ನೀರನ್ನು ಬಾಟಲಿಯಲ್ಲಿ ತುಂಬಿಸಿ. ಒಂದು ಲೀಟರಿಗೆ ಒಂದು ಕಿಲೋ. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಎರಡು ನಿಮಿಷ ಹಿಡಿಯಿರಿ, ಒಂದು ನಿಮಿಷ ಇಳಿಸಿ, ಹೀಗೆ ಒಂದು ಗಂಟೆ ಮಾಡಿ. ಮೂವತ್ತನೆಯ ನಿಮಿಷದಲ್ಲಿ ನೀರಿನ ಮೇಲ್ಮೈ ಅಲುಗಲು ಆರಂಭವಾಗುತ್ತದೆ. ಅದೇ ನಡುಕ ರಾತ್ರಿ ಎರಡು ಗಂಟೆಗೆ ನಿಮ್ಮ ಚಿತ್ರದಲ್ಲಿ ಬರುತ್ತದೆ. ಮೋನೋಪಾಡ್ (ಒಂಟಿ ಕಾಲಿನ ಆಸರೆ) ಬಳಸುವವರು ಈ ಪರೀಕ್ಷೆಯಿಂದ ವಿನಾಯಿತಿ ಪಡೆಯಬಹುದು. ಆದರೆ ರಥಬೀದಿಯ ಜನಸಂದಣಿಯಲ್ಲಿ ಅದನ್ನು ಊರಲು ಜಾಗ ಸಿಗುವುದಿಲ್ಲ.

ಹಂತ 9: ಕೊಳ್ಳುವ ಮೊದಲು ಅಂಗಡಿಯಲ್ಲಿ ನೋಡಬೇಕಾದದ್ದು

ಮೊದಲು ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ, ಒಂದು ಆಟಕ್ಕೆ ಒಯ್ದು ನೋಡಿ. ಅಂಗಡಿಯಲ್ಲಾದರೆ ಉದ್ದದ ತುದಿಯಲ್ಲಿ, ಪೂರ್ತಿ ತೆರೆದ ಅಪರ್ಚರಿನಲ್ಲಿ, ಎದುರಿನ ಕಪಾಟಿನ ಪೆಟ್ಟಿಗೆಗಳ ಅಕ್ಷರಗಳನ್ನು ತೆಗೆಯಿರಿ. ನಾಲ್ಕು ಮೂಲೆಗಳನ್ನು ಹಿಗ್ಗಿಸಿ ನೋಡಿದಾಗ ಮೂರು ಸ್ಪಷ್ಟವಾಗಿದ್ದು ಒಂದು ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿದೆ ಎಂದರ್ಥ, ಬೇರೆ ಪ್ರತಿ ಕೇಳಿ. ಎಫ್/2.8 ಲೆನ್ಸನ್ನು ಎಫ್/4ಕ್ಕೆ ಮುಚ್ಚಿದ ಮೇಲಷ್ಟೇ ಚಿತ್ರ ಚೆನ್ನಾಗುವುದಾದರೆ ನೀವು ಹೆಚ್ಚಿಗೆ ಕೊಡುವ ಹಣ ಯಾವುದಕ್ಕೆ ಎಂದು ಯೋಚಿಸಿ.

ಹಳೆಯ ಲೆನ್ಸ್ ಕೊಳ್ಳುವಾಗ ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಗಾಜಿನ ಅಂಚಿನಿಂದ ಒಳಕ್ಕೆ ಕವಲೊಡೆದ, ಜೇಡನ ನೂಲಿನಷ್ಟು ತೆಳುವಾದ ಬಿಳಿ ಎಳೆಗಳು ಕಂಡರೆ ಅದು ಬೂಷ್ಟು. ಧೂಳಿನ ಕಣ ಚುಕ್ಕೆಯಾಗಿರುತ್ತದೆ, ಬೂಷ್ಟು ಬೇರಿನಂತೆ ಹರಡಿರುತ್ತದೆ. ಧೂಳಿಗೆ ಹೆದರಬೇಡಿ. ಬೂಷ್ಟು ಹಿಡಿದದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮನೆಗೆ ತರಬೇಡಿ.

ಹಂತ 10: ಕರಾವಳಿಯ ಗಾಳಿಗೆ ತಕ್ಕ ವ್ಯವಸ್ಥೆ

ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸ್ ಚೀಲದಲ್ಲಿ ಚಿಕ್ಕದಾಗಿ ಕೂರುತ್ತದೆ. ಆದರೆ ಪ್ರತಿ ಸಲ ಚಾಚುವಾಗ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮಡಿಕೇರಿಯಲ್ಲಿ ಮಂಜು, ನಮ್ಮಲ್ಲಿ ಉಪ್ಪು ಮತ್ತು ತೇವ. ವರ್ಷದಲ್ಲಿ ಹೆಚ್ಚು ದಿನ ಸಮುದ್ರದ ಅಂಚಿನಲ್ಲಿ ಕೆಲಸ ಮಾಡುವವರು ಉದ್ದ ಬದಲಾಗದ ಲೆನ್ಸಿನ ಹೆಚ್ಚಿನ ಭಾರವನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಆಟ, ಕಂಬಳ, ಮೆರವಣಿಗೆಗಳಷ್ಟೇ ಸಾಕೆನ್ನುವವರಿಗೆ ಚಾಚುವ ಲೆನ್ಸಿನಿಂದ ತೊಂದರೆಯಿಲ್ಲ, ಮರುದಿನ ಒಣಗಿಸಿದರೆ ಆಯಿತು.

ಹವಾನಿಯಂತ್ರಿತ ಕೋಣೆಯಿಂದ ಅಥವಾ ಕಾರಿನಿಂದ ಲೆನ್ಸನ್ನು ನೇರವಾಗಿ ಹೊರತೆಗೆದರೆ ಗಾಜಿನ ಮೇಲೆ ನೀರು ಕಟ್ಟುತ್ತದೆ. ಚೀಲದೊಳಗೇ ಅರ್ಧ ಗಂಟೆ ಬಿಟ್ಟು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯಿರಿ. ಕಂಬಳದಿಂದ ಬಂದ ರಾತ್ರಿ ಕೆಸರಿನ ಹನಿಗಳನ್ನು ಒಣಗಿದ ಮೇಲೆ ಉಜ್ಜಬೇಡಿ, ಅದರಲ್ಲಿ ಮರಳಿರುತ್ತದೆ. ಮೊದಲು ಬ್ಲೋವರ್, ನಂತರ ಒದ್ದೆ ಮಾಡಿ ಹಿಂಡಿದ ಬಟ್ಟೆ, ಕೊನೆಗೆ ಒಣ ಬಟ್ಟೆ.

ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಲೆನ್ಸನ್ನು ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಇಡಲೇಬೇಡಿ. ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶವನ್ನು ನೂರಕ್ಕೆ 40ರಿಂದ 50ರ ನಡುವೆ ನಿಲ್ಲಿಸಿ. ಇಲ್ಲದವರು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಗೂ ಸಣ್ಣ ತೇವಾಂಶ ಮಾಪಕ ಇಟ್ಟು, ಅಂಕಿ 60 ದಾಟಿದ ದಿನ ಜೆಲ್ಲನ್ನು ಬದಲಿಸಿ ಅಥವಾ ಬಿಸಿ ಮಾಡಿ ಒಣಗಿಸಿ. ವಾರಕ್ಕೊಮ್ಮೆ ಲೆನ್ಸನ್ನು ಹೊರತೆಗೆದು, ಜೂಮ್ ಉಂಗುರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಟಾರ್ಚ್ ಹಿಡಿದು ಗಾಜಿನ ಅಂಚನ್ನು ಒಮ್ಮೆ ನೋಡಿ ಒಳಗಿಡಿ.